ಕರಟದ ಮಾತ್ರೆ ತಿಂದು ಕೊಬ್ಬಿದ ಆಸ್ಪತ್ರೆ ಕ್ರಿಮಿಗಳಿಗೆ

ಇವರಿಗೆ,
ಶ್ರೀಯುತ ಕ್ಲೆಬ್ಸಿಯೆಲ್ಲಾ ಮತ್ತು ಬಂಧುವರ್ಗದವರು,
ಆಸ್ಪತ್ರೆಯ ಎರಡನೇ ಮಹಡಿ, ಹೆಂಗಸರ ವಾರ್ಡು, ಕೈ ತೊಳೆಯುವ ಸಿಂಕಿನ ಕೊಳವೆ, ಮಂಚದ ಕಂಬಿ, ಹಾಗೂ ನನ್ನ ಹೆಂಡತಿಯ ಬಲಗೈ.

ವಿಷಯ: ಶ್ರೀಮತಿ ಹಾಲಮ್ಮನವರ ಬಲಗೈಯನ್ನು ತೆರವು ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಕಣ್ಣಿಗೆ ಕಾಣದಷ್ಟು ಸಣ್ಣವರಾಗಿದ್ದೂ ದೊಡ್ಡ ದೊಡ್ಡ ಡಾಕ್ಟರುಗಳ ನಿದ್ದೆ ಕೆಡಿಸಿರುವ ತಮಗೆ, ತಮ್ಮ ಮಕ್ಕಳು ಮೊಮ್ಮಕ್ಕಳಿಗೆ, ಹಾಗೂ ನಾನು ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ಹುಟ್ಟಲಿರುವ ಮರಿಮಕ್ಕಳಿಗೆ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಆಸ್ಪತ್ರೆಯ ವರದಿಯಿಂದ ತಿಳಿಯಿತು. ನಾವು ಕ್ಷೇಮವಾಗಿಲ್ಲ, ಅದಕ್ಕೆ ಕಾರಣವೂ ತಾವು ಕ್ಷೇಮವಾಗಿರುವುದೇ ಆಗಿದೆ.

ನನ್ನ ಪರಿಚಯ ತಮಗೆ ಇರಲಾರದು. ನಾನು ನೊಣವಿನಕೆರೆ ಪಕ್ಕದ ಹಳ್ಳಿಯವನು, ಹೆಸರು ಬೀರಲಿಂಗಯ್ಯ. ತಿಪಟೂರಿನ ತಾಲ್ಲೂಕು ಕಚೇರಿ ಎದುರು ಮಡಚುವ ಮೇಜು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಜನರ ಅರ್ಜಿ ಬರೆದುಕೊಡುತ್ತಿದ್ದೇನೆ. ತಹಶೀಲ್ದಾರರಿಗೆ ಬರೆದಿದ್ದೇನೆ, ಕರೆಂಟಿನವರಿಗೆ ಬರೆದಿದ್ದೇನೆ, ಒಂದು ಸಲ ರೈಲಿನ ಸಿಳ್ಳೆಗೆ ಹಸು ಹಾಲು ಕೊಡುವುದಿಲ್ಲವೆಂದು ರೈಲ್ವೆಯವರಿಗೂ ಬರೆದಿದ್ದೇನೆ. ಆದರೆ ಅವರೆಲ್ಲರಿಗೂ ಒಂದೊಂದು ಬಾಗಿಲು, ಬಾಗಿಲಿಗೊಬ್ಬ ಜವಾನ ಇರುತ್ತಿದ್ದುದರಿಂದ ಅರ್ಜಿಯನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯುತ್ತಿತ್ತು. ತಾವು ಎಲ್ಲ ಬಾಗಿಲ ಹಿಡಿಯ ಮೇಲೂ ವಾಸವಾಗಿರುವುದರಿಂದ ಬಹಿರಂಗವಾಗಿ ಬರೆಯುವುದೊಂದೇ ದಾರಿಯಾಗಿ ಉಳಿದಿದೆ.

ನಡೆದ ಸಂಗತಿಯನ್ನು ಮೊದಲಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಕಡೆ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಒಂದು ವರ್ಷ ಅಟ್ಟದ ಮೇಲೆ ಹಾಕಿಡುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಉಂಡೆ ಕೊಬ್ಬರಿಯಾಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಗಡಗಡ ಎಂದದ್ದೆಲ್ಲ ಒಳ್ಳೆಯದಲ್ಲ, ಕೊಳೆತ ಉಂಡೆಯೂ ಹಾಗೇ ಸದ್ದು ಮಾಡುತ್ತದೆ, ಮತ್ತು ಎರಡು ಸದ್ದಿಗೂ ಇರುವ ವ್ಯತ್ಯಾಸ ನಮ್ಮೂರಿನಲ್ಲಿ ತಪ್ಪದೆ ತಿಳಿಯುವುದು ಹಾಲಮ್ಮನಿಗೆ ಒಬ್ಬಳಿಗೇ. ಕೊಬ್ಬರಿ ಕೊಳ್ಳಲು ಬರುವವರು ಒಡೆದು ನೋಡುವ ಬದಲು ಅವಳ ಮುಖ ನೋಡುತ್ತಾರೆ. ಇದು ಕಿವಿಯ ಕೆಲಸವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ, ಬಲಗೈಯದೂ ಹೌದೆಂದು ಈಗ ತಿಳಿಯಿತು.

ಕಳೆದ ತಿಂಗಳು ಅಟ್ಟದಿಂದ ಇಳಿಸಿದ ಕಾಯಿಗಳನ್ನು, ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕುಕ್ಕಿ ಸುಲಿಯುತ್ತಿದ್ದಾಗ ಒಂದು ಕಾಯಿ ಜಾರಿ ಅವಳ ಬಲ ಅಂಗೈ ಸಲಾಕೆಯ ಮೇಲೆ ಬಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ರುದ್ರೇಶ್ ಎಂಬವರು ಗಾಯ ತೊಳೆದು, ಹರಿದ ನರಗಳನ್ನು ಸೇರಿಸಿ, ಅಚ್ಚುಕಟ್ಟಾಗಿ ಹೊಲಿಗೆ ಹಾಕಿ, ಮೂರು ದಿನ ವಾರ್ಡಿನಲ್ಲಿ ಇರಲಿ ಎಂದರು. ಸಲಾಕೆ ತುಕ್ಕು ಹಿಡಿದದ್ದು, ಆದ್ದರಿಂದ ನಂಜು ಬಂದರೆ ಸಲಾಕೆಯಿಂದ ಬರಬಹುದೆಂದು ನಾನು ಹೆದರಿದ್ದೆ. ಪಾಪ, ಅದು ಏನೂ ಮಾಡಲಿಲ್ಲ. ಬೆಳ್ಳಗೆ ತೊಳೆದ ಹಾಸಿಗೆಯ ವಾರ್ಡಿನಲ್ಲಿ ತಮ್ಮ ಪರಿಚಯವಾಯಿತು, ನಾಲ್ಕನೇ ದಿನಕ್ಕೆ ಹೊಲಿಗೆ ಬಿಟ್ಟು ಕೀವು ಬಂತು.

ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು, ತಾವು ಕದಲಲಿಲ್ಲ. ಅದಕ್ಕಿಂತ ಜೋರಿನದು ಕೊಟ್ಟರು, ತಾವು ಅಂಗೈಯಿಂದ ಕಿರುಬೆರಳಿನ ಕಡೆಗೆ ಮನೆ ವಿಸ್ತರಿಸಿದಿರಿ. ಆಮೇಲೆ ಕೀವನ್ನು ಲ್ಯಾಬಿಗೆ ಕಳಿಸಿದರು. ಆ ಲ್ಯಾಬಿನಲ್ಲಿ ಕೆಲಸ ಮಾಡುವ ಪವಿತ್ರ ನಮ್ಮ ಬೀದಿಯ ಹುಡುಗಿ, ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ಅವಳು ತಂದು ತೋರಿಸಿದ ಕಾಗದದಲ್ಲಿ ಮೇಲ್ಗಡೆ ಕ್ಲೆಬ್ಸಿಯೆಲ್ಲಾ ಎಂದು ತಮ್ಮ ಹೆಸರು, ಕೆಳಗೆ ಹದಿನಾರು ಔಷಧಗಳ ಹೆಸರು ಸಾಲಾಗಿ ಇದ್ದವು, ಹದಿನೈದರ ಮುಂದೆ ‘ಆರ್’ ಎಂಬ ಒಂದೇ ಅಕ್ಷರವಿತ್ತು. ಏನಮ್ಮ ಇದು ಎಂದರೆ, “ಈ ಔಷ್ದಿಗಳ್ಗೆಲ್ಲ ಅದು ಬಗ್ಗಾಕಿಲ್ಲ ಅಂತ ದೊಡ್ಡಪ್ಪ” ಎಂದಳು. ಅಂದರೆ ನನ್ನ ಭಾಷೆಯಲ್ಲಿ ‘ತಿರಸ್ಕರಿಸಲಾಗಿದೆ’. ಮೂವತ್ತೊಂದು ವರ್ಷದ ಅನುಭವದಲ್ಲಿ ಒಂದೇ ಹಾಳೆಯ ಮೇಲೆ ಹದಿನೈದು ತಿರಸ್ಕಾರಗಳನ್ನು, ಅದೂ ಕಾರಣ ಬರೆಯದೆ ಕೊಟ್ಟದ್ದನ್ನು, ನಾನು ಯಾವ ಕಚೇರಿಯಲ್ಲೂ ಕಂಡವನಲ್ಲ. ತಮ್ಮ ಕಾರ್ಯವೈಖರಿಗೆ ನನ್ನ ಅಭಿನಂದನೆಗಳು.

ಹದಿನಾರನೆಯದು ಕೊಲಿಸ್ಟಿನ್ ಎಂಬ ಔಷಧ. ಅದರ ಮುಂದೆ ‘ಐ’ ಎಂದು ಬರೆದಿತ್ತು. ಕೆಲಸ ಮಾಡಿದರೂ ಮಾಡಬಹುದು, ಬಿಟ್ಟರೂ ಬಿಡಬಹುದು ಎಂದು ಅದರ ಅರ್ಥವಂತೆ. ಇದನ್ನು ಮಾತ್ರ ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬುದನ್ನು ಓದಿಕೊಂಡೇ ನನ್ನ ತಲೆಗೂದಲು ಬೆಳ್ಳಗಾಗಿದೆ.

ಡಾಕ್ಟರು ನನ್ನನ್ನು ಒಳಗೆ ಕರೆದು ಕೂರಿಸಿ, “ನೋಡಿ ಬೀರಲಿಂಗಯ್ಯನವರೇ, ಇದು ಹಳೇ ಔಷಧಿ. ಕಿಡ್ನಿಗೆ ಒಳ್ಳೇದಲ್ಲ ಅಂತ ಎಷ್ಟೋ ವರ್ಷದ ಹಿಂದೆ ಅಟ್ಟಕ್ಕೆ ಹಾಕಿದ್ದು. ಬೇರೆ ದಾರಿ ಇಲ್ಲ, ಈಗ ಇಳಿಸ್ತಾ ಇದೀವಿ. ಹತ್ತು ದಿನ ನೋಡೋಣ. ಇದಕ್ಕೂ ಕೇಳಲಿಲ್ಲ ಅಂದ್ರೆ ಮಣಿಕಟ್ಟಿನವರೆಗೂ ಕೈ ತೆಗೀಬೇಕಾಗುತ್ತೆ” ಎಂದರು. ಹಾಲಮ್ಮನಿಗೆ ಈ ಮಾತನ್ನು ಹೇಗೆ ಹೇಳಲೆಂದು ನಾನು ಎರಡು ಸಲ ವಾರ್ಡಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಹೇಳಿದಾಗ ಅವಳು ಅಳಲಿಲ್ಲ, ಎಡಗೈಯನ್ನು ಕಿವಿಯ ಪಕ್ಕಕ್ಕೆ ತಂದು ಸುಮ್ಮನೆ ಅಲ್ಲಾಡಿಸಿ ನೋಡಿ, “ಇದುಕ್ಕೆ ತಿಳಿಯಾಕಿಲ್ಲ ಕಣ್ರೀ” ಎಂದಳು. ಇಂದು ಆ ಔಷಧ ಶುರುವಾದ ಆರನೇ ದಿನ. ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಈ ಅರ್ಜಿ ಬರೆಯುತ್ತಿದ್ದೇನೆ.

ಮಾನ್ಯರೇ, ಈ ಆರು ದಿನಗಳಲ್ಲಿ ಬೇರೆ ಕೆಲಸವಿಲ್ಲದೆ ತಮ್ಮ ಚರಿತ್ರೆಯನ್ನು ಪವಿತ್ರಳಿಂದ ಕೇಳಿ ತಿಳಿದುಕೊಂಡಿದ್ದೇನೆ. ಅರ್ಧ ಗಂಟೆಗೊಮ್ಮೆ ತಾವು ಒಬ್ಬರಿದ್ದವರು ಇಬ್ಬರಾಗುತ್ತೀರಂತೆ. ಹಾಗೆ ಆಗುವಾಗ ತಮ್ಮ ವಂಶದ ಬರಹವನ್ನೆಲ್ಲ ಮೊದಲಿಂದ ಕೊನೆಯವರೆಗೆ ನಕಲು ಮಾಡಬೇಕಾಗುತ್ತದಂತೆ. ಅವಸರದಲ್ಲಿ ಎಲ್ಲೋ ಒಂದು ಕಡೆ ತಪ್ಪು ಬೀಳುತ್ತದೆ. ಅಂಥ ತಪ್ಪು ಬಿದ್ದವರಲ್ಲಿ ಎಷ್ಟೋ ಜನ ಹಾಗೇ ಸಾಯುತ್ತಾರೆ, ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ, ಆದರೆ ಕೋಟಿಗೊಬ್ಬರಿಗೆ ಆ ತಪ್ಪಿನಿಂದಲೇ ಮೈಯ ಗೋಡೆಯಲ್ಲಿ ಔಷಧ ಒಳಗೆ ಬರುವ ಕಿಂಡಿ ಕಿರಿದಾಗಿಬಿಡುತ್ತದೆ. ಇನ್ನೊಬ್ಬರಿಗೆ ಒಳಗೆ ಬಂದ ಔಷಧವನ್ನು ಹೊರಗೆ ಎತ್ತಿ ಹಾಕುವ ಪಂಪು ಜೋರಾಗುತ್ತದೆ. ನಮ್ಮ ತೋಟದ ಪಂಪು ಮೂರು ದಿನಕ್ಕೊಮ್ಮೆ ಸುಡುತ್ತದೆ, ತಮ್ಮದಕ್ಕೆ ಕರೆಂಟೂ ಬೇಡ, ರಿಪೇರಿಯೂ ಇಲ್ಲ. ನಾನು ಬರೆದ ಅರ್ಜಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದ್ದಕ್ಕೆ ಒಬ್ಬ ಮುದುಕಿ ಎರಡು ವರ್ಷ ಕಚೇರಿ ಸುತ್ತಿದ್ದಾಳೆ. ತಾವು ತಪ್ಪು ಬರೆದು ಬಡ್ತಿ ಪಡೆದಿದ್ದೀರಿ.

ಅಷ್ಟಕ್ಕೇ ತಾವು ತೃಪ್ತರಾಗಲಿಲ್ಲವೆಂಬುದೂ ತಿಳಿಯಿತು. ಔಷಧವನ್ನೇ ಕತ್ತರಿಸಿ ಹಾಕುವ ವಿದ್ಯೆಯನ್ನು ಬಳೆಯಂಥ ಒಂದು ಸಣ್ಣ ಸುರುಳಿಯಲ್ಲಿ ಇಟ್ಟುಕೊಂಡು, ಪಕ್ಕದಲ್ಲಿ ಬಂದು ಕೂತವರಿಗೆಲ್ಲ ಅದರ ನಕಲು ಹಂಚುತ್ತೀರಂತೆ, ಅವರು ತಮ್ಮ ಜಾತಿಯವರೇ ಆಗಿರಬೇಕೆಂದೂ ಇಲ್ಲವಂತೆ. ನಮ್ಮೂರಲ್ಲಿ ಪಕ್ಕದ ತೋಟದವನಿಗೆ ಏಣಿ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ತಮ್ಮ ಔದಾರ್ಯವನ್ನು ಮೆಚ್ಚದೆ ಇರಲು ಸಾಧ್ಯವಿಲ್ಲ, ಅದು ನನ್ನ ಹೆಂಡತಿಯ ಕೈಯಲ್ಲಿ ನಡೆಯುತ್ತಿದೆ ಎಂಬುದೊಂದನ್ನು ಬಿಟ್ಟರೆ.

ಇಷ್ಟು ಬರೆದು ಇಲ್ಲಿಗೆ ನಿಲ್ಲಿಸಿದ್ದರೆ ಇದು ನ್ಯಾಯವಾದ ದೂರಾಗುತ್ತಿತ್ತು. ಆದರೆ ಅರ್ಜಿಯಲ್ಲಿ ಸತ್ಯಾಂಶ ಮುಚ್ಚಿಡಬಾರದೆಂದು ನಾನೇ ಎಲ್ಲರಿಗೂ ಹೇಳುವವನು, ಆದ್ದರಿಂದ ಕರಟದ ವಿಷಯ ಬರೆಯಲೇಬೇಕು.

ನಮ್ಮ ಮನೆಯ ನಡುಮನೆಯಲ್ಲಿ ಒಂದು ಕರಟ ನೇತುಹಾಕಿದೆ. ಇಡೀ ಚಿಪ್ಪನ್ನು ಮೇಲ್ಗಡೆ ಮುಚ್ಚಳದ ಹಾಗೆ ಕೊಯ್ದು ನಾನೇ ನಯ ಮಾಡಿದ್ದು. ಅದರಲ್ಲಿ ಮಾತ್ರೆಗಳಿವೆ. ಯಾರಿಗಾದರೂ ಜ್ವರ ಬಂದು ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರೆ ಎರಡನೇ ದಿನಕ್ಕೆ ಜ್ವರ ಬಿಡುತ್ತದೆ, ಬಿಟ್ಟ ಮೇಲೆ ಮಾತ್ರೆ ತಿನ್ನುವುದು ದಂಡ, ಉಳಿದದ್ದು ಕರಟಕ್ಕೆ. ಮುಂದೆ ಯಾರಿಗಾದರೂ ಶೀತವಾದರೆ ಅದರಲ್ಲಿ ಎರಡು. ಹಸುವಿನ ಕೆಚ್ಚಲು ಬಾತಾಗ ತಂದದ್ದರಲ್ಲಿ ಉಳಿದದ್ದೂ ಅದಕ್ಕೇ. ನಮ್ಮೂರಲ್ಲಿ ಏನನ್ನೂ ಎಸೆಯುವುದಿಲ್ಲ, ಮಟ್ಟೆ ನಾರಾಗುತ್ತದೆ, ಚಿಪ್ಪು ಇದ್ದಿಲಾಗುತ್ತದೆ, ಗರಿ ಪೊರಕೆಯಾಗುತ್ತದೆ, ಹಾಗಿರುವಾಗ ಮಾತ್ರೆಯನ್ನು ಯಾರು ಎಸೆಯುತ್ತಾರೆ. ಅರ್ಜಿ ಬರೆಸಲು ಮನೆಗೆ ಬಂದವರು ಕೆಮ್ಮಿದರೆ ಅರ್ಜಿಯ ಜೊತೆ ಎರಡು ಮಾತ್ರೆಯನ್ನೂ ಕೊಟ್ಟು, “ಕಮ್ಮಿಯಾದ್ರೆ ನಿಲ್ಸು, ಮಿಕ್ಕಿದ್ದ ಇನ್ನೊಬ್ರಿಗೆ ಕೊಡು” ಎಂದು ಹೇಳುತ್ತಿದ್ದೆ. ಇದನ್ನು ನಾನು ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಮರಕ್ಕೂ ಕೊಟ್ಟಿದ್ದೇನೆ. ನಾಲ್ಕು ವರ್ಷದ ಹಿಂದೆ ಬಾವಿಯ ಪಕ್ಕದ ತೆಂಗಿನ ಮರಕ್ಕೆ ಅಣಬೆ ರೋಗ ಬಂದು ಬುಡದಲ್ಲಿ ಕಂದು ರಸ ಸೋರಲು ಶುರುವಾಯಿತು. ತೋಟಗಾರಿಕೆಯವರು ಹಿಂದೆಂದೋ ಬಂದಾಗ ಬೇರಿಗೆ ಔಷಧ ಕಟ್ಟುವುದನ್ನು ತೋರಿಸಿಕೊಟ್ಟಿದ್ದರು, ಪೆನ್ಸಿಲ್ ಗಾತ್ರದ ಎಳೆ ಬೇರನ್ನು ಓರೆಯಾಗಿ ಕೊಯ್ದು, ಔಷಧದ ನೀರು ತುಂಬಿದ ಪ್ಲಾಸ್ಟಿಕ್ ಕವರಿಗೆ ಇಳಿಬಿಟ್ಟು ದಾರ ಸುತ್ತಿದರೆ ಮರ ತಾನೇ ಕುಡಿಯುತ್ತದೆ. ಕಟ್ಟುವ ವಿಧಾನ ನೆನಪಿತ್ತು, ಔಷಧದ ಹೆಸರು ಮರೆತಿತ್ತು. ಮನುಷ್ಯರಿಗೆ ಆಗುವುದು ಮರಕ್ಕೆ ಆಗದೆ ಇರುತ್ತದೆಯೇ ಎಂದು ಕರಟದಲ್ಲಿದ್ದ ಕೆಂಪು ಹಳದಿ ಕ್ಯಾಪ್ಸೂಲುಗಳನ್ನು ಬಿಚ್ಚಿ, ಹಿಟ್ಟನ್ನು ನೀರಲ್ಲಿ ಕದಡಿ ಕಟ್ಟಿದೆ. ಬೇಸಿಗೆಯಾದ್ದರಿಂದ ರಸ ಸೋರುವುದು ನಿಂತಿತು, ಔಷಧದಿಂದ ನಿಂತಿತೆಂದು ನಾನು ಊರಿಗೆಲ್ಲ ಹೇಳಿದೆ. ಪಕ್ಕದ ತೋಟದ ಹುಚ್ಚಣ್ಣ ಹನ್ನೊಂದು ಮರಗಳಿಗೆ ಕಟ್ಟಿದ. ಮುಂದಿನ ಮಳೆಗಾಲದಲ್ಲಿ ನನ್ನ ಮರ ಸುಳಿ ಬಾಗಿ ಸತ್ತಾಗ ಅವನು ಬುಡದಲ್ಲಿ ನಿಂತು ನೋಡಿ, “ಡೋಸ್ ಕಮ್ಮಿ ಆಯ್ತು ಕಣಣ್ಣ” ಎಂದ. ನನಗೂ ಹಾಗೇ ಅನ್ನಿಸಿತ್ತು.

ಇದನ್ನು ಕೇಳಿ ಪವಿತ್ರ, ಕ್ರಿಮಿಯ ಮಾತ್ರೆಗೆ ಅಣಬೆ ಸಾಯುತ್ತದೆಯೇ ಎಂದು ಮೊದಲು ನಕ್ಕಳು. ಆಮೇಲೆ, “ದೊಡ್ಡಪ್ಪ, ಬಿತ್ನೆ ಕಾಯಿ ಹೆಂಗೆ ಆರಿಸ್ತೀರಿ?” ಎಂದು ಕೇಳಿದಳು. ನನಗೆ ಗೊತ್ತಿರುವ ವಿಷಯವಾದ್ದರಿಂದ ಉತ್ಸಾಹದಿಂದಲೇ ಹೇಳಿದೆ, ನುಸಿ ರೋಗ ಬಂದ ವರ್ಷ ಎಲ್ಲ ಮರಗಳೂ ಸೊರಗಿ ನಿಂತಾಗ ಯಾವ ಮರ ಜಗ್ಗದೆ ಕಾಯಿ ಬಿಟ್ಟಿತೋ ಅದರ ಕಾಯಿಯನ್ನೇ ಆರಿಸಿ ಸಸಿ ಮಾಡುತ್ತೇವೆ, ಹಾಗೆ ಮಾಡಿ ಮಾಡಿಯೇ ನಮ್ಮ ತೋಟ ಗಟ್ಟಿಯಾಗಿರುವುದು ಎಂದೆ. “ಅಂಗೇ ಕಣ್ ದೊಡ್ಡಪ್ಪ ಇದೂನೂವೆ” ಎಂದಳು. “ಬ್ಯಾಡದ ಶೀತಕ್ಕೆಲ್ಲ ಮಾತ್ರೆ ಕೊಟ್ರಿ, ಅರ್ಧಕ್ಕೆ ನಿಲ್ಲಿಸಿದ್ರಿ. ಸಾಯೋವೆಲ್ಲ ಸತ್ವು, ಜಗ್ಗದೇ ಇದ್ದದ್ದು ಉಳೀತು. ಅದುನ್ನೇ ಬಿತ್ನೆ ಮಾಡ್ದಂಗಾಯ್ತು.”

ಅಂದರೆ ಮಾನ್ಯರೇ, ತಪ್ಪು ಬರೆದುಕೊಂಡದ್ದು ಮಾತ್ರ ತಾವು. ಆ ತಪ್ಪನ್ನು ಆರಿಸಿ, ಪೋಷಿಸಿ, ತೋಟ ಎಬ್ಬಿಸಿದವರು ನಾವು. ಈ ಕೈಗೆ ಬಂದಿರುವುದು ನನ್ನ ಕರಟದ ಸಂತಾನವೇ ಎಂದು ಪವಿತ್ರಳನ್ನು ಕೇಳಿದೆ. “ಅದ್ನ ಯಾರೂ ಹೇಳಕ್ಕಾಗಲ್ಲ ದೊಡ್ಡಪ್ಪ, ನೀವೊಬ್ರೇ ಅಲ್ಲ, ಎಲ್ಲಾ ಊರಲ್ಲೂ ಒಂದೊಂದು ಕರಟ ಐತೆ” ಎಂದಳು. ಸಮಾಧಾನಕ್ಕೆಂದು ಹೇಳಿದ ಮಾತು ನನಗೆ ಸಮಾಧಾನ ಕೊಡಲಿಲ್ಲ. ನನಗೆ ನಾಚಿಕೆಯಾಯಿತು. ಆ ದಿನ ಹಾಲಮ್ಮನಿಗೆ ಗಂಜಿ ಕುಡಿಸುವಾಗ ಅವಳ ಮುಖ ನೋಡದೆ ಲೋಟವನ್ನೇ ನೋಡುತ್ತಿದ್ದೆ.

ಆದ್ದರಿಂದ, ತಮಗೆ ಅನ್ನ ಹಾಕಿ ಬೆಳೆಸಿದ ಮನೆಯವನೆಂಬ ಸಲಿಗೆಯಿಂದ ಕೆಲವು ಬೇಡಿಕೆಗಳನ್ನು ಮುಂದಿಡುತ್ತಿದ್ದೇನೆ. ಇನ್ನು ನಾಲ್ಕು ದಿನ ತಾವು ದಯವಿಟ್ಟು ನಕಲು ಮಾಡುವಾಗ ಕನ್ನಡಕ ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು, ನಿಧಾನವಾಗಿ ಬರೆಯಬೇಕು. ಒಬ್ಬರೂ ಹೊಸ ತಪ್ಪು ಮಾಡಬಾರದು, ಏಕೆಂದರೆ ಇನ್ನೊಂದು ತಪ್ಪು ಬಿದ್ದರೆ ಆ ಹದಿನಾರನೇ ಔಷಧವೂ ತಮ್ಮ ಮೈಗೆ ಅಂಟುವುದಿಲ್ಲವೆಂದು ಪವಿತ್ರ ಹೇಳಿದ್ದಾಳೆ. ವಿದ್ಯೆ ಹಂಚುವ ಕಾರ್ಯಕ್ರಮಕ್ಕೂ ಅಷ್ಟು ದಿನ ರಜೆ ಘೋಷಿಸಬೇಕು. ಸರ್ಕಾರಿ ಕಚೇರಿಗಳು ಎರಡನೇ ಶನಿವಾರ ಮುಚ್ಚಿರುತ್ತವೆ, ತಾವೂ ಒಮ್ಮೆ ಆ ಪದ್ಧತಿಯನ್ನು ಅನುಸರಿಸಿದರೆ ಆಕಾಶವೇನೂ ಬೀಳುವುದಿಲ್ಲ. ಕಡತವನ್ನು ಪರಿಶೀಲನೆಯಲ್ಲೇ ಇಟ್ಟಿರಿ, ತಿರಸ್ಕರಿಸಬೇಡಿ.

ಇದು ಯಾವುದೂ ಸಾಧ್ಯವಾಗದಿದ್ದಲ್ಲಿ ಕೊನೆಯದಾಗಿ ತಮ್ಮ ವರ್ಗಾವಣೆ ಕೋರುತ್ತೇನೆ. ಹಾಲಮ್ಮನ ಬಲಗೈಯಿಂದ ನನ್ನ ಬಲಗೈಗೆ. ದೂರವೇನೂ ಇಲ್ಲ, ಮಂಚದಿಂದ ಸ್ಟೂಲಿಗೆ ಒಂದು ಮೊಳ. ಕರಟದಿಂದ ಮಾತ್ರೆ ತೆಗೆದು ಕೊಟ್ಟ ಕೈ ಇದೇ, ಬೇರಿಗೆ ದಾರ ಸುತ್ತಿದ್ದೂ ಇದೇ. ಇದು ಹೋದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳು ಕಡಿಮೆಯಾಗುತ್ತವೆ, ಅಧಿಕಾರಿಗಳೂ ತಮ್ಮನ್ನು ಹರಸುತ್ತಾರೆ. ಅವಳು ಯಾರಿಗೂ ಒಂದು ಮಾತ್ರೆ ಕೊಟ್ಟವಳಲ್ಲ. ಈ ಒಂದು ಬೇಡಿಕೆಯಲ್ಲಿ ತಮಾಷೆ ಇಲ್ಲವೆಂದು ತಾವು ತಿಳಿಯಬೇಕು.

ತಮ್ಮ ಕುಲ ಕೋಟಿಯಾಗದಿರಲೆಂದು ಹಾರೈಸುವ, ಆದರೂ ತಮ್ಮ ಒಪ್ಪಿಗೆಗಾಗಿ ಕೈ ಮುಗಿದು ಕಾದಿರುವ,

ತಮ್ಮ ವಿಶ್ವಾಸಿ,
ಬೀರಲಿಂಗಯ್ಯ
ಅರ್ಜಿದಾರ, ಮತ್ತು ತಮ್ಮ ಹಳೆಯ ಪೋಷಕ

ವಿ.ಸೂ.: ಮೇಲಿನದನ್ನು ಬರೆದು ಎರಡು ವಾರವಾಯಿತು. ತಮ್ಮ ಆದೇಶ ತಲುಪಿದೆ, ಅರ್ಜಿ ಭಾಗಶಃ ಮಂಜೂರಾಗಿದೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳನ್ನು ತಾವು ಇಟ್ಟುಕೊಂಡಿರಿ, ಉಳಿದ ಕೈಯನ್ನು ವಾಪಸು ಕೊಟ್ಟಿರಿ. ಕಿಡ್ನಿ ಸದ್ಯಕ್ಕೆ ಪರವಾಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಹಾಲಮ್ಮ ಮನೆಗೆ ಬಂದ ದಿನ ಹುಚ್ಚಣ್ಣ ನೋಡಲು ಬಂದ. ಅವನಿಗೆ ಶೀತವಾಗಿತ್ತು, ಮಾತಾಡುತ್ತಾ ಮಾತಾಡುತ್ತಾ ಕಣ್ಣು ಕರಟದ ಕಡೆ ಹೋಯಿತು. ಹಾಲಮ್ಮ ಅದನ್ನು ಇಳಿಸಿಕೊಡಲು ನನಗೆ ಹೇಳಿ, ಬ್ಯಾಂಡೇಜಿನ ಬಲಗೈಯಲ್ಲಿ ಹಿಡಿದು, ಕಿವಿಯ ಪಕ್ಕ ಅಲ್ಲಾಡಿಸಿದಳು. ಗಡಗಡ ಎಂದಿತು. “ಸದ್ದು ಚೆನ್ನಾಗೈತೆ ಹುಚ್ಚಣ್ಣ, ಒಳ್ಗಿರೋದು ಕೊಳ್ತೈತೆ” ಎಂದಳು. ಇಪ್ಪತ್ತು ವರ್ಷದಿಂದ ಅವಳು ಕೊಳೆತಿದೆ ಎಂದ ಕಾಯಿಯನ್ನು ಒಡೆದು ನೋಡದೆ ಬದಿಗೆ ಹಾಕಿದವನು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಮಾತ್ರೆಗಳನ್ನು ಮಣ್ಣಿಗೂ ಹಾಕಬೇಡಿ ಎಂದು ಪವಿತ್ರ ಹೇಳಿದ್ದರಿಂದ ಅವಳ ಕೈಯಲ್ಲೇ ಆಸ್ಪತ್ರೆಗೆ ಕೊಟ್ಟು ಕಳಿಸಿದೆ.

ಮಾರನೆಯ ದಿನ ಬೆಳಿಗ್ಗೆ ಹುಚ್ಚಣ್ಣ ಕ್ರಾಸಿನ ಕಡೆಯಿಂದ ಬರುತ್ತಿದ್ದ, ಕೈಯಲ್ಲಿ ಮೆಡಿಕಲ್ ಅಂಗಡಿಯ ಸಣ್ಣ ಕವರು. ನಮ್ಮ ಜಗಲಿ ಹತ್ತಿರ ಬಂದಾಗ ಅದನ್ನು ಟವೆಲ್ಲಿನ ಕೆಳಗೆ ಸೇರಿಸಿಕೊಂಡ. ಮೊದಲೆಲ್ಲ ಯಾರೂ ಮುಚ್ಚಿಟ್ಟುಕೊಳ್ಳುತ್ತಿರಲಿಲ್ಲ, ಇದನ್ನು ತಾವು ಗಮನಿಸಬೇಕು. ಹಾಲಮ್ಮ ಜಗಲಿಯ ಮೇಲೆ ಕೂತಿದ್ದವಳು, “ಹುಚ್ಚಣ್ಣ, ಅದ್ನ ಇತ್ಲಾಗ್ ತಕಂಬಾ, ಅಲ್ಲಾಡ್ಸಿ ನೋಡ್ತೀನಿ” ಎಂದು ಮೂರು ಬೆರಳಿನ ಕೈಯನ್ನೇ ಚಾಚಿದಳು. ಅವನು ಕವರನ್ನು ಟವೆಲ್ಲಿನ ಕೆಳಗಿಂದ ತೆಗೆದು, ತಂದು ಕೊಟ್ಟ. ಆದಕಾರಣ ನಮ್ಮ ಬೀದಿಯ ಮಟ್ಟಿಗಾದರೂ ತಾವು ಇನ್ನು ಮುಂದೆ ಊಟಕ್ಕೆ ಬೇರೆ ಮನೆ ನೋಡಿಕೊಳ್ಳಬೇಕಾಗಿ ವಿನಂತಿ.